ಮುಖಕ್ಕೆ ಬೆಳಕು ಕೊಟ್ರೆ ಮಲ್ಲಿಗೆ ಹಾಳಾಗ್ತಿದೆ, ಏನ್ಮಾಡಲಿ?

ಪ್ರಶ್ನೆ: ಸರ್, ಅಕ್ಕನ ಮದುವೆ ಫೋಟೋ, ಧಾರೆ ಹೊತ್ತಿನದು. ಮಂಟಪದ ನೆರಳು ಮುಖದ ಮೇಲೆ ಬಿದ್ದಿದೆ. ಫೋಟೋಶಾಪ್‌ನಲ್ಲಿ ಲೇಯರ್ (ಫೋಟೋದ ಪದರ) ಕಾಪಿ ಮಾಡಿ ಬ್ರೈಟ್‌ನೆಸ್ ಏರಿಸಿದೆ. ಮುಖ ಚೆನ್ನಾಗಿ ಬಂತು, ಆದ್ರೆ ಜಡೆಯ ಮಲ್ಲಿಗೆ ಬರೀ ಬಿಳಿ ಮುದ್ದೆ ಆಯ್ತು. ಅಲ್ಲಿ ಎರೇಸರ್ ಹಾಕಿದಾಗ ಹಣೆಯ ಕೂದಲ ಹತ್ತಿರಾನೂ ಅಳಿಸಿಹೋಗಿದೆ. ಸೇವ್ ಮಾಡಿ ಮುಚ್ಚಿಬಿಟ್ಟಿದ್ದೇನೆ. ಈಗ ವಾಪಸ್ ಬರುತ್ತಾ?

ಉತ್ತರ: ಅಳಿಸಿದ್ದು ಬರುವುದಿಲ್ಲ. ಫೈಲ್ ಮುಚ್ಚಿದರೆ ಹಿಸ್ಟರಿಯೂ, ಅಂದರೆ ಮಾಡಿದ್ದನ್ನು ಹಿಂದಕ್ಕೆ ತರುವ ಪಟ್ಟಿಯೂ, ಹೋಗುತ್ತದೆ. ಆದರೆ ಕೆಳಗಿನ ಒರಿಜಿನಲ್ ಲೇಯರ್ ಹಾಗೇ ಇದೆ ಅಲ್ವಾ? ಮೇಲಿನದನ್ನು ಡಿಲೀಟ್ ಮಾಡಿ, ಹೊಸದಾಗಿ ಶುರು ಮಾಡಿ. ಈ ಕೆಲಸಕ್ಕೆ ಎರೇಸರ್ ಮುಟ್ಟಲೇಬೇಡಿ. ಅದು ಪಿಕ್ಸೆಲ್ಲನ್ನೇ ತೆಗೆಯುತ್ತದೆ. ಬದಲಿಗೆ ಮಾಸ್ಕ್ ಬಳಸಿ, ಅದು ಲೇಯರಿನ ಬೇಡದ ಭಾಗವನ್ನು ಸುಮ್ನೆ ಮರೆ ಮಾಡುತ್ತದೆ.

ಕರ್ವ್ಸ್ ಅಡ್ಜಸ್ಟ್‌ಮೆಂಟ್ ಲೇಯರ್ ಹಾಕಿ, ಫೋಟೋ ಮುಟ್ಟದೆ ಮೇಲಿಂದ ಬೆಳಕನ್ನು ಏರಿಳಿಸುವ ಪದರ ಅದು. ಅದರಲ್ಲಿ ಕಾಣುವ ಓರೆ ಗೆರೆಯ ನಡುಭಾಗವನ್ನು ಸ್ವಲ್ಪ ಮೇಲಕ್ಕೆ ಎಳೆಯಿರಿ. ಲೇಯರ್ ಪಟ್ಟಿಯಲ್ಲಿ ಆ ಲೇಯರ್ ಪಕ್ಕದಲ್ಲೇ ಒಂದು ಬಿಳಿ ಚೌಕ ಇರುತ್ತದೆ, ಅದೇ ಮಾಸ್ಕ್. ಬಿಳಿ ಇದ್ದಲ್ಲಿ ಲೇಯರ್ ಕೆಲಸ ಮಾಡುತ್ತದೆ, ಕಪ್ಪಿದ್ದಲ್ಲಿ ಇಲ್ಲ, ಬೂದು ಇದ್ದಲ್ಲಿ ಅರ್ಧಂಬರ್ಧ. ಚೌಕವನ್ನು ಕ್ಲಿಕ್ ಮಾಡಿ ಕಂಟ್ರೋಲ್ ಐ ಒತ್ತಿದರೆ ಪೂರ್ತಿ ಕಪ್ಪಾಗುತ್ತದೆ, ಫೋಟೋ ಮೊದಲಿನಂತೆ ಕಾಣುತ್ತದೆ. ಈಗ ಅಂಚು ಮೆತ್ತಗಿರುವ ಬ್ರಷ್, ಬಿಳಿ ಬಣ್ಣ, ಫ್ಲೋ (ಬಣ್ಣ ಹರಿಯುವ ಪ್ರಮಾಣ) ಶೇಕಡಾ 10ರಿಂದ 20 ಇಟ್ಟುಕೊಂಡು ಮುಖದ ಮೇಲೆ ನಿಧಾನವಾಗಿ ಸವರುತ್ತಾ ಹೋಗಿ, ಬೆಳಕು ಪದರ ಪದರವಾಗಿ ಏರುತ್ತದೆ. ಮಲ್ಲಿಗೆಗೆ ತಾಗಿತಾ? ಎಕ್ಸ್ ಒತ್ತಿ, ಬಣ್ಣ ಕಪ್ಪಿಗೆ ತಿರುಗುತ್ತದೆ, ಅಲ್ಲಿ ಸವರಿ, ಹೂವಿನ ಎಸಳು ವಾಪಸ್ ಬರುತ್ತವೆ. ಈ ಎಕ್ಸ್ ಕೈಗೆ ಅಭ್ಯಾಸ ಆದರೆ ಮಾಸ್ಕ್ ಮುಕ್ಕಾಲು ಪಾಲು ಬಂದಂತೆಯೇ.

ಇನ್ನೊಂದು, ಕುತ್ತಿಗೆ, ಕಿವಿ, ಧಾರೆಗೆ ಚಾಚಿದ ಕೈ ಇವಕ್ಕೂ ಸ್ವಲ್ಪ ಸವರಿ. ಮುಖ ಒಂದೇ ಬೆಳಗಿದರೆ ಪೌಡರ್ ಜಾಸ್ತಿ ಬಳಿದ ಹಾಗೆ ಕಾಣುತ್ತದೆ. ಆಲ್ಬಂಗಳಲ್ಲಿ ಇದನ್ನು ಎಷ್ಟು ನೋಡಿದ್ದೇನೋ!

ಪ್ರಶ್ನೆ: ಸರ್, ಮಾಡಿದೆ. ಆದ್ರೆ ಬ್ರಷ್ ಎಳೆದರೆ ಅಕ್ಕನ ಕೆನ್ನೆ ಮೇಲೆ ನಿಜವಾಗ್ಲೂ ಕಪ್ಪು ಬಣ್ಣ ಬರ್ತಿದೆ!

ಉತ್ತರ: ಹಾಗಾದ್ರೆ ಕೆಳಗಿನ ಫೋಟೋ ಲೇಯರ್ ಸೆಲೆಕ್ಟ್ ಆಗಿದೆ. ಕಂಟ್ರೋಲ್ ಝಡ್ ಮಾಡಿ, ಕರ್ವ್ಸ್ ಲೇಯರಿನ ಮಾಸ್ಕ್ ಚೌಕವನ್ನು ಕ್ಲಿಕ್ ಮಾಡಿ. ಸುತ್ತ ಸಣ್ಣ ಚೌಕಟ್ಟು ಬಂತಾ ನೋಡಿಕೊಂಡು ಬ್ರಷ್ ಹಿಡಿಯಿರಿ. ಎಲ್ಲಾದರೂ ಬಿಟ್ಟುಹೋಗಿದೆಯಾ ಅಂತ ನೋಡಲು ಆಲ್ಟ್ ಒತ್ತಿ ಚೌಕ ಕ್ಲಿಕ್ ಮಾಡಿ, ಮಾಸ್ಕ್ ಒಂದೇ ದೊಡ್ಡದಾಗಿ ಕಾಣುತ್ತದೆ. ಕೆನ್ನೆಯ ನಡುವೆ ಉಳಿದ ಕಪ್ಪು ತೇಪೆಗಳು ಆಗಲೇ ಕಣ್ಣಿಗೆ ಬೀಳುವುದು. ಇನ್ನೊಮ್ಮೆ ಹಾಗೇ ಮಾಡಿದರೆ ಫೋಟೋ ವಾಪಸ್. ಶಿಫ್ಟ್ ಒತ್ತಿ ಕ್ಲಿಕ್ ಮಾಡಿದರೆ ಮಾಸ್ಕ್ ತಾತ್ಕಾಲಿಕವಾಗಿ ಆಫ್.

ಮತ್ತೊಬ್ಬರು: ನನ್ನ ಹತ್ರ ಫೋಟೋಶಾಪ್ ಇಲ್ಲ, ಜಿಂಪ್ ಅನ್ನೋ ಉಚಿತ ಫೋಟೋ ಸಾಫ್ಟ್‌ವೇರ್ ಇದೆ. ಆಗುತ್ತಾ ಅಣ್ಣ?

ಉತ್ತರ: ಧಾರಾಳವಾಗಿ. ಲೇಯರ್ ಡೂಪ್ಲಿಕೇಟ್ ಮಾಡಿ ಕರ್ವ್ಸ್ ಕೊಡಿ, ರೈಟ್ ಕ್ಲಿಕ್ ಮಾಡಿ ಆಡ್ ಲೇಯರ್ ಮಾಸ್ಕ್, ಅದರಲ್ಲಿ ಕಪ್ಪನ್ನು ಆರಿಸಿ. ಆಮೇಲೆ ಅದೇ ಬಿಳಿ ಬ್ರಷ್. ಲೇಯರ್, ಮಾಸ್ಕ್ ಉಳಿಯಲು ಜಿಂಪ್‌ನದೇ ಫೈಲ್ ಆದ ಎಕ್ಸ್‌ಸಿಎಫ್ ಆಗಿ ಸೇವ್ ಮಾಡಿ.

ಪ್ರಶ್ನೆ: ಬಂತು ಸರ್! ಪ್ರಿಂಟ್‌ಗೆ ಫೋಟೋಶಾಪ್‌ನ ಪಿಎಸ್‌ಡಿ ಫೈಲನ್ನೇ ಕೊಡಲಾ?

ಉತ್ತರ: ಬೇಡ, ಜೆಪೆಗ್ ಕಾಪಿ ಕೊಡಿ. ಪಿಎಸ್‌ಡಿ ನಿಮ್ಮ ಹತ್ತಿರವೇ ಇರಲಿ. ಜೆಪೆಗ್‌ನಲ್ಲಿ ಲೇಯರೂ ಉಳಿಯಲ್ಲ, ಮಾಸ್ಕೂ ಉಳಿಯಲ್ಲ. ಪ್ರಿಂಟ್ ನೋಡಿ ಅಕ್ಕ ಏನಾದ್ರೂ ಬದಲಾಯಿಸು ಅಂದಾಗ ಪಿಎಸ್‌ಡಿ ಇಲ್ಲದಿದ್ದರೆ ಮತ್ತೆ ಮೊದಲಿಂದ ಸವರಬೇಕಾಗುತ್ತದೆ.