ಟೀಮ್ ಲೀಡ್‌ಗಳಿಗೆ ಮಧ್ಯಸ್ಥಿಕೆ ಕಲಿಸೋದು ಹೇಗೆ? ಸಹಾಯ ಬೇಕು

ಎಲ್ರಿಗೂ ನಮಸ್ಕಾರ, ನಮ್ಮ ಸಂಸ್ಥೇಲಿ ಹೊಸದಾಗಿ ಟೀಮ್ ಲೀಡ್ ಆದವ್ರಿಗೆ ಟ್ರೈನಿಂಗ್ ಮಾಡ್ಸೋ ಕೆಲ್ಸ ನನ್ ತಲೆಗೆ ಬಂದಿದೆ, ವಿಷ್ಯ ಲೀಡರ್‌ಶಿಪ್ ಮತ್ತೆ ಜಗಳ ಬಗೆಹರಿಸೋದು. ಥಾಮಸ್-ಕಿಲ್ಮನ್ ಮಾದರೀಲಿ ಜಗಳ ಬಂದಾಗ ಜನ ನಡ್ಕೊಳ್ಳೋ ಐದು ರೀತಿ ಇದ್ಯಲ್ಲ, ಪೈಪೋಟಿ, ಸಹಯೋಗ, ರಾಜಿ, ತಪ್ಪಿಸ್ಕೊಳ್ಳೋದು, ಬಿಟ್ಕೊಡೋದು, ಅದನ್ನ ಹೇಳ್ಕೊಡೋದು ಸುಲಭ, ಸ್ಲೈಡ್ ಹಾಕಿದ್ರೆ ಮುಗೀತು.

ಕಷ್ಟ ಇರೋದು ಮಧ್ಯಸ್ಥಿಕೆ ಪ್ರಾಕ್ಟೀಸ್ ಮಾಡ್ಸೋದ್ರಲ್ಲಿ. ರೋಲ್ ಪ್ಲೇ ಕೊಟ್ರೆ ಸಾಕು ಎಲ್ರೂ ಜಡ್ಜ್ ಆಗ್ಬಿಡ್ತಾರೆ, ನೀನು ಸರಿ ನೀನು ತಪ್ಪು ಅಂತ ತೀರ್ಪು ಕೊಟ್ಟು ಕೂತ್ಕೋತಾರೆ, ಆದ್ರೆ ಮಧ್ಯಸ್ಥರು ತೀರ್ಪು ಕೊಡೋ ಹಾಗೇ ಇಲ್ವಲ್ಲ, ಇಬ್ರೂ ತಾವೇ ಒಪ್ಪಂದಕ್ಕೆ ಬರೋ ಹಾಗೆ ಮಾಡ್ಬೇಕು, ‘ನಂಗೆ ಇದೇ ಬೇಕು’ ಅನ್ನೋದ್ರ ಹಿಂದೆ ಯಾಕೆ ಬೇಕು ಅನ್ನೋದನ್ನ ಕೆದಕ್ಬೇಕು. ಈ ಪ್ರಶ್ನೆ ಕೇಳೋ ಅಭ್ಯಾಸ ಹೇಗೆ ಬರ್ಸೋದು?

ಇನ್ನೊಂದು ಡೌಟು, ಇಬ್ರ ಅಪ್ರೈಸಲ್ಲೂ ಬರೆಯೋ ಲೀಡೇ ಮಧ್ಯೆ ಕೂತ್ರೆ ನಿಷ್ಪಕ್ಷಪಾತಿ ಅಂತ ಯಾರು ನಂಬ್ತಾರೆ? ಯಾವಾಗ ಹೊರಗಿನವ್ರನ್ನ ಕರೀಬೇಕು? (ಕಿರುಕುಳದ ದೂರನ್ನಂತೂ ಲೀಡ್ ಮಟ್ಟದಲ್ಲಿ ರಾಜಿ ಮಾಡ್ಸೋಕೆ ಹೋಗ್ಲೇಬಾರ್ದು, ಅದ್ರಲ್ಲಿ ನಂಗೆ ಡೌಟಿಲ್ಲ.)

ಇಂಥ ಸೆಷನ್ ಮಾಡಿರೋರು ಯಾರಾದ್ರೂ ಇದ್ರೆ ಚೆನ್ನಾಗಿ ವರ್ಕ್ ಆದ ಒಂದೆರಡು ರೋಲ್ ಪ್ಲೇ ಸನ್ನಿವೇಶ ಹೇಳಿ ಪ್ಲೀಸ್. ಪಿಪಿಟಿ ಬೇಡ, ಅದು ಬೇಕಾದಷ್ಟಿದೆ.