ಬಿಸಿಯೇರಿದರೆ ಮುನಿಸಿಕೊಳ್ಳುವ ಪದ್ಮಿನಿ

ಪ್ರಶ್ನೆ (ವಿಜಯಪುರ): ಅಪ್ಪನ 1978ರ ಪದ್ಮಿನಿ ಕಾರು ಬೆಳಿಗ್ಗೆ ಒಂದೇ ಸೆಲ್ಫ್‌ಗೆ ಏಳುತ್ತದೆ. ಬಾಗಲಕೋಟೆ ದಾರಿಯಲ್ಲಿ ಕೊಲ್ಹಾರದ ಸೇತುವೆ ಬರುವಷ್ಟರಲ್ಲಿ ಕೆಮ್ಮಿ ನಿಂತುಬಿಡುತ್ತದೆ. ಬಾನೆಟ್ ಎತ್ತಿ ಅರ್ಧ ಗಂಟೆ ಕಾದರೆ ಏನೂ ಆಗದಂತೆ ಹೊರಡುತ್ತದೆ. ಕಿಡಿ ಹೊತ್ತಿಸುವ ಪ್ಲಗ್, ಪಾಯಿಂಟ್ ಹೊಸವು. ಮೆಕ್ಯಾನಿಕ್ ಪೆಟ್ರೋಲ್-ಗಾಳಿ ಬೆರೆಸುವ ಕಾರ್ಬುರೇಟರನ್ನು ಮೂರು ಸಲ ಬಿಚ್ಚಿದ. ಹಣ ನನ್ನದು, ಹಟ ಅವನದು.

ಉತ್ತರ (ಬಾಗಲಕೋಟೆ): ನಿಂತ ಕೂಡಲೇ ಒಂದು ಪ್ಲಗ್ ಬಿಚ್ಚಿ, ಅದರ ವೈರ್‌ಗೆ ಸಿಕ್ಕಿಸಿ, ಎಂಜಿನ್ ಮೈಗೆ ತಾಗಿಸಿಟ್ಟು ಸೆಲ್ಫ್ ಹೊಡೆಯಿರಿ. ಪೆಟ್ರೋಲ್ ಸೋರಿರಬಾರದು, ಎಚ್ಚರ. ಕಿಡಿ ನೀಲಿಯಾಗಿ ಚಟ್ ಎಂದರೆ ಪೆಟ್ರೋಲ್ ಕಡೆ ನೋಡಿ. ಕೆಂಪಗೆ ಸೊರಗಿದ್ದರೆ ತಪ್ಪು ಕಾಯಿಲ್‌ನದು (ಕಿಡಿಗೆ ಬೇಕಾದ ಹೆಚ್ಚಿನ ವೋಲ್ಟೇಜ್ ಕೊಡುವ ತಂತಿಸುರುಳಿ) ಅಥವಾ ಕಂಡೆನ್ಸರ್‌ನದು (ಪಾಯಿಂಟ್ ಸುಡದಂತೆ ಕಾಯುವ ಪುಟ್ಟ ಡಬ್ಬಿ). ಹಳೆಯ ಕಾಯಿಲ್‌ನೊಳಗಿನ ತಂತಿ ಕಾದಾಗ ಬಿಟ್ಟುಕೊಂಡು, ತಣಿದಾಗ ಕೂಡಿಕೊಳ್ಳುವುದುಂಟು.

ಉತ್ತರ (ಬೆಳಗಾವಿ): ಪ್ಲಗ್‌ಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್ ಒಳಗಿನ ಸಣ್ಣ ವೈರನ್ನೂ ಎಳೆದು ನೋಡಿ. ನನ್ನದರಲ್ಲಿ ಹೊದಿಕೆ ನೆಟ್ಟಗಿತ್ತು, ಒಳಗೆ ಎರಡೇ ಎಳೆ ಉಳಿದಿದ್ದವು.

ಕೇಳಿದವನು: ಕಿಡಿ ಸೊರಗಿತ್ತು, ಕಾಯಿಲ್ ಮುಟ್ಟಿದರೆ ರೊಟ್ಟಿಯ ಹಂಚು. ಬದಲಿಸಿದೆ. ನಿನ್ನೆ ಸೇತುವೆ ದಾಟಿದ ಮೇಲೆಯೇ ಅಪ್ಪ ಮಾತನಾಡಿದರು.