ಹೊಸ ವಿಂಡೋಸ್ ಹಾಕಿಸಿದ ಮೇಲೆ ಹಳೆಯದನ್ನು ತೆಗೆಯೋದು ಹೇಗೆ?

ಪ್ರಶ್ನೆ (ಸಕಲೇಶಪುರದಿಂದ):
ಅಣ್ಣ, ನಮಸ್ಕಾರ. ನಾನು ಕಾಫಿ ತೋಟದಲ್ಲಿ ರೈಟರ್, ಅಂದರೆ ಲೆಕ್ಕ ಬರೆಯುವವನು. ಆಫೀಸ್ ಕಂಪ್ಯೂಟರ್ ತುಂಬಾ ನಿಧಾನ ಅಂತ ಹೋದ ತಿಂಗಳು ಹೊಸ ಎಸ್‌ಎಸ್‌ಡಿ (ಹಾರ್ಡ್ ಡಿಸ್ಕಿಗಿಂತ ವೇಗದ ಡಿಸ್ಕ್) ಹಾಕಿಸಿ, ಅದರಲ್ಲಿ ವಿಂಡೋಸ್ 11 ಹಾಕಿಸಿದೆವು. ಹಳೇ ಹಾರ್ಡ್ ಡಿಸ್ಕ್ ಒಳಗೇ ಇದೆ, ಅದರಲ್ಲಿ ವಿಂಡೋಸ್ 10 ಕೂಡ ಹಾಗೇ ಇದೆ. ಆನ್ ಮಾಡಿದಾಗಲೆಲ್ಲ ನೀಲಿ ಪರದೆ ಬಂದು ಯಾವ ವಿಂಡೋಸ್ ಬೇಕು ಅಂತ ಕೇಳುತ್ತದೆ. ಹಳೇ ವಿಂಡೋಸ್ ಫೋಲ್ಡರ್ ಡಿಲೀಟ್ ಮಾಡಲು ಹೋದರೆ ಟ್ರಸ್ಟೆಡ್‌ಇನ್‌ಸ್ಟಾಲರ್ (ವಿಂಡೋಸಿನದೇ ಒಂದು ಒಳ ಖಾತೆ) ಅನುಮತಿ ಬೇಕು ಅನ್ನುತ್ತದೆ. ಆ ಡಿಸ್ಕನ್ನೇ ಫಾರ್ಮ್ಯಾಟ್ ಮಾಡಿಬಿಡಲಾ? ಚೆಕ್‌ರೋಲ್ (ಆಳುಗಳ ಹಾಜರಿ-ಕೂಲಿ ಪಟ್ಟಿ), ಟ್ಯಾಲಿ ಲೆಕ್ಕ, ನುಡಿ ತಂತ್ರಾಂಶದಲ್ಲಿ ಕನ್ನಡದಲ್ಲಿ ಟೈಪ್ ಮಾಡಿದ ಪತ್ರಗಳು ಎಲ್ಲ ಅದರಲ್ಲೇ ಇವೆ.

ಉತ್ತರ (ಹಾಸನ, ಕಂಪ್ಯೂಟರ್ ರಿಪೇರಿ):
ಇವತ್ತು ಮಾತ್ರ ಫಾರ್ಮ್ಯಾಟ್ ಮಾಡಬೇಡಿ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿದಿದೆ, ಹಾಗಾಗಿ ತೆಗೆಯೋದು ಸರಿಯೇ. ಆದರೆ ನೀವು ಹೇಳಿದ ಆ ನೀಲಿ ಪರದೆ ನೋಡಿದರೆ ನನಗೆ ಒಂದು ಅನುಮಾನ. ಹಳೇ ಡಿಸ್ಕ್ ಕೇಬಲ್ ತೆಗೆಯದೆ ಹೊಸ ವಿಂಡೋಸ್ ಹಾಕಿದರೆ, ಅದು ತನ್ನ ಬೂಟ್ ಫೈಲುಗಳನ್ನು (ಆನ್ ಮಾಡಿದಾಗ ವಿಂಡೋಸ್ ಶುರು ಮಾಡುವ ಫೈಲುಗಳು) ಎಷ್ಟೋ ಸಲ ಹಳೇ ಡಿಸ್ಕಿನಲ್ಲೇ ಇಡುತ್ತದೆ. ಮನೆ ಹೊಸದು, ಬಾಗಿಲು ಮಾತ್ರ ಹಳೇ ಮನೆಯಲ್ಲಿ. ಆ ಡಿಸ್ಕ್ ಪೂರ್ತಿ ಅಳಿಸಿದರೆ ವಿಂಡೋಸ್ 11 ಕೂಡ ಏಳೋದಿಲ್ಲ. ಹೀಗಾದ ಕಂಪ್ಯೂಟರ್‌ಗಳು ನನ್ನ ಹತ್ತಿರ ಬರುತ್ತಲೇ ಇರುತ್ತವೆ.

ನೋಡೋದು ಸುಲಭ. ಸ್ಟಾರ್ಟ್ ಬಟನ್ ಮೇಲೆ ರೈಟ್ ಕ್ಲಿಕ್ ಮಾಡಿ, ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆಯಿರಿ. ಕೆಳಗೆ ಡಿಸ್ಕ್ 0, ಡಿಸ್ಕ್ 1 ಅಂತ ಸಾಲು ಕಾಣುತ್ತವೆ. ಬೂಟ್ ಫೈಲುಗಳು ಇರೋದು ಇಎಫ್‌ಐ ಸಿಸ್ಟಮ್ ಪಾರ್ಟಿಷನ್ ಅಂತ ಬರೆದ ಚಿಕ್ಕ ಭಾಗದಲ್ಲಿ, ಅದು ಯಾವ ಡಿಸ್ಕಿನಲ್ಲಿದೆ ಅಂತ ನೋಡಿ ತಿಳಿಸಿ. ಅಲ್ಲಿ ಏನನ್ನೂ ಒತ್ತಬೇಡಿ, ಸುಮ್ನೆ ನೋಡಿ ಸಾಕು.

ಪ್ರಶ್ನೆ ಕೇಳಿದವರು:
ನೋಡಿದೆ ಅಣ್ಣ. ಹಳೇ ಡಿಸ್ಕಿನಲ್ಲಿ 100 ಎಂಬಿಯ ಒಂದು ಭಾಗಕ್ಕೆ ಆ ಹೆಸರಿದೆ. ಎಸ್‌ಎಸ್‌ಡಿಯಲ್ಲಿ ಅಂಥದ್ದು ಇಲ್ಲ.

ಉತ್ತರ:
ಅನುಮಾನ ನಿಜ ಆಯ್ತು. ಕೇಳಿದ್ದು ಒಳ್ಳೆಯದಾಯಿತು.

ಮೊದಲು ನಿಮ್ಮ ದಾಖಲೆ. ಹೊರಗಿನ ಒಂದು ಹಾರ್ಡ್ ಡಿಸ್ಕಿಗೆ ಕಾಪಿ ಮಾಡಿ. ಹಳೇ ಡಿಸ್ಕಿನ ಯೂಸರ್ಸ್ ಫೋಲ್ಡರ್ ಇಡಿಯಾಗಿ ತಗೊಳ್ಳಿ, ಡೆಸ್ಕ್‌ಟಾಪ್ ಮೇಲೆ ಇದ್ದದ್ದೂ ಅದರಲ್ಲೇ ಇರುತ್ತದೆ. ಟ್ಯಾಲಿ ಲೆಕ್ಕ ಎಷ್ಟೋ ಸಲ ಯೂಸರ್ಸ್ ಹೊರಗೆ, ಟ್ಯಾಲಿಯ ಸ್ವಂತ ಫೋಲ್ಡರಿನ ಡೇಟಾ ಒಳಗೆ ಇರುತ್ತದೆ. ಅದನ್ನು ಬೇರೆ ತೆಗೆದುಕೊಂಡು, ವಿಂಡೋಸ್ 11ರಲ್ಲಿ ಟ್ಯಾಲಿ ತೆರೆದು, ಹೋದ ವರ್ಷದ ಒಂದು ವೋಚರ್ ಕಾಣುತ್ತದಾ ಅಂತ ಪರೀಕ್ಷೆ ಮಾಡಿ. ಕಾಪಿ ಆಯಿತು ಅಂದ ಮಾತ್ರಕ್ಕೆ ತೆರೆಯುತ್ತದೆ ಅಂತ ನಂಬಬೇಡಿ.

ನುಡಿ ಪತ್ರಗಳ ಬಗ್ಗೆ ಜಾಸ್ತಿ ಎಚ್ಚರ ಬೇಕು. ಯೂನಿಕೋಡ್ (ಎಲ್ಲ ಕಂಪ್ಯೂಟರ್‌ಗಳಿಗೂ ಒಂದೇ ಆದ ಅಕ್ಷರ ಸಂಕೇತ) ಅಲ್ಲದ ಹಳೇ ನುಡಿ ಅಕ್ಷರಗಳಲ್ಲಿ ಟೈಪ್ ಮಾಡಿದ ಫೈಲು, ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಹಾಗೆ ಕಾಣುತ್ತದೆ. ಫೈಲ್ ಕೆಟ್ಟಿದೆ ಅಂತ ಅಳಿಸಿದವರಿದ್ದಾರೆ, ನೋಡಿ ಬೇಜಾರಾಗುತ್ತದೆ. ಹಳೇ ವಿಂಡೋಸ್ ಒಳಗಿನ ಫಾಂಟ್ಸ್ ಫೋಲ್ಡರಿನಿಂದ ನುಡಿ ಅಂತ ಹೆಸರಿರುವ ಫಾಂಟುಗಳನ್ನೂ ಕಾಪಿ ಮಾಡಿ ಇಟ್ಟುಕೊಳ್ಳಿ.

ಇನ್ನೊಂದು, ಕ್ರೋಮ್‌ನಲ್ಲಿ ಉಳಿಸಿದ ಪಾಸ್‌ವರ್ಡುಗಳು. ಫೋಲ್ಡರ್ ಕಾಪಿ ಮಾಡಿದರೆ ಅವು ಬರೋದಿಲ್ಲ. ಹಳೇ ವಿಂಡೋಸಿನ ಲಾಗಿನ್‌ಗೆ ಕಟ್ಟಿಹಾಕಿದ ಬೀಗ ಅದು. ಒಂದು ಸಲ ವಿಂಡೋಸ್ 10ಕ್ಕೇ ಹೋಗಿ, ಕ್ರೋಮ್ ತೆರೆದು, ಪಾಸ್‌ವರ್ಡುಗಳನ್ನು ಅಲ್ಲಿಂದಲೇ ಎಕ್ಸ್‌ಪೋರ್ಟ್ ಮಾಡಿ.

ಆಮೇಲೆ ಬಾಗಿಲನ್ನು ಹೊಸ ಮನೆಗೆ ತರಬೇಕು. ಎಸ್‌ಎಸ್‌ಡಿಯ ಸಿ ಡ್ರೈವನ್ನು ಸ್ವಲ್ಪ ಕುಗ್ಗಿಸಿ, ಅಲ್ಲಿ ಹೊಸದೊಂದು ಇಎಫ್‌ಐ ಭಾಗ ಮಾಡಿ, ಬಿಸಿಡಿಬೂಟ್ ಅನ್ನುವ ಆಜ್ಞೆಯಿಂದ ಬೂಟ್ ಫೈಲುಗಳನ್ನು ಅದರೊಳಗೆ ಬರೆಯಬೇಕು. ಇದನ್ನು ನೀವೇ ಮಾಡಬೇಡಿ. ಡಿಸ್ಕ್ ನಂಬರ್ ಒಂದು ತಪ್ಪಿದರೆ ಎಲ್ಲ ಹೋಗುತ್ತದೆ. ಅಂಗಡಿಯವರಿಗೆ ನಾನು ಬರೆದದ್ದನ್ನು ತೋರಿಸಿ, ಗೊತ್ತಿದ್ದವರಿಗೆ ಚಿಕ್ಕ ಕೆಲಸ. ಅವರು ಬಯಾಸ್‌ನಲ್ಲಿ (ವಿಂಡೋಸ್ ಶುರುವಾಗುವ ಮುಂಚಿನ ಸೆಟ್ಟಿಂಗ್) ಎಸ್‌ಎಸ್‌ಡಿಯನ್ನು ಮೊದಲು ಇಡಲಿ. ಆಮೇಲೆ ಪವರ್ ತೆಗೆದು, ಹಳೇ ಡಿಸ್ಕಿನ ಕೇಬಲ್ ಬಿಚ್ಚಿ, ನಿಮ್ಮ ಎದುರಿಗೇ ಆನ್ ಮಾಡಲಿ. ವಿಂಡೋಸ್ 11 ನೇರವಾಗಿ ಬಂದರೆ ಗೆದ್ದಿರಿ. ಹೊಸ ಬೂಟ್ ಪಟ್ಟಿಯಲ್ಲಿ ವಿಂಡೋಸ್ 11 ಒಂದೇ ಇರುವುದರಿಂದ ಆ ನೀಲಿ ಪರದೆಯೂ ಹೋಗುತ್ತದೆ.

ಫಾರ್ಮ್ಯಾಟ್ ಕಡೆಯ ಕೆಲಸ. ಕೇಬಲ್ ಮತ್ತೆ ಹಾಕಿ, ಡಿಸ್ಕ್ ಮ್ಯಾನೇಜ್‌ಮೆಂಟಿನಲ್ಲಿ ಹಳೇ ವಿಂಡೋಸ್ ಇರುವ ಭಾಗವನ್ನು ಕ್ವಿಕ್ ಫಾರ್ಮ್ಯಾಟ್ ಮಾಡಿ. ಫೋಲ್ಡರ್ ಒಂದೊಂದಾಗಿ ಅಳಿಸುವ ಗೋಳು ಇರೋದಿಲ್ಲ, ಅನುಮತಿಯನ್ನೂ ಕೇಳೋದಿಲ್ಲ. ಮಳೆಗಾಲ, ನಿಮ್ಮ ಕಡೆ ಕರೆಂಟ್ ಯಾವಾಗ ಹೋಗುತ್ತದೋ ಗೊತ್ತಿಲ್ಲ. ಯುಪಿಎಸ್ ಇಲ್ಲದೆ ಡಿಸ್ಕ್ ಕೆಲಸ ಶುರು ಮಾಡಬೇಡಿ.

ಇನ್ನೊಬ್ಬರ ಪ್ರಶ್ನೆ (ಬೇಲೂರಿನಿಂದ):
ಸರ್, ನನ್ನದು ಲ್ಯಾಪ್‌ಟಾಪ್, ಡಿಸ್ಕ್ ಒಂದೇ. ಹತ್ತರಿಂದ ಹನ್ನೊಂದಕ್ಕೆ ಅಪ್‌ಗ್ರೇಡ್ ಮಾಡಿ ನಾಲ್ಕು ದಿನ ಆಯಿತು. ವಿಂಡೋಸ್ ಡಾಟ್ ಓಲ್ಡ್ ಅನ್ನುವ ಫೋಲ್ಡರ್ 20 ಜಿಬಿ ತಿಂದಿದೆ. ನಾನೂ ಅಂಗಡಿಗೆ ಹೋಗಬೇಕಾ?

ಉತ್ತರ:
ಬೇಡ ಮೇಡಂ, ನಿಮ್ಮದು ಬೇರೆ ವಿಷಯ. ಅದು ಹಳೆಯದಕ್ಕೆ ವಾಪಸ್ ಹೋಗಲು ಇಟ್ಟ ಪ್ರತಿ. ವಾಪಸ್ ಹೋಗುವ ಅವಕಾಶ 10 ದಿನ, ಆಮೇಲೆ ವಿಂಡೋಸ್ ತಾನೇ ಅದನ್ನು ಅಳಿಸುತ್ತದೆ. ಈ ಆರು ದಿನದಲ್ಲಿ ಪ್ರಿಂಟರ್, ವೈಫೈ, ಸೌಂಡ್, ನಿಮ್ಮ ಕೆಲಸದ ಸಾಫ್ಟ್‌ವೇರ್ ಎಲ್ಲ ಓಡಿಸಿ ನೋಡಿ. ಜಾಗ ತೀರಾ ಕಮ್ಮಿ ಇದ್ದರೆ ಮಾತ್ರ ಸೆಟ್ಟಿಂಗ್ಸ್, ಸಿಸ್ಟಮ್, ಸ್ಟೋರೇಜ್, ಟೆಂಪರರಿ ಫೈಲ್ಸ್‌ಗೆ ಹೋಗಿ, ಪ್ರೀವಿಯಸ್ ವಿಂಡೋಸ್ ಇನ್‌ಸ್ಟಲೇಷನ್ ಅನ್ನುವುದಕ್ಕೆ ಟಿಕ್ ಹಾಕಿ ತೆಗೆಯಿರಿ. ಅದೇ ಪಟ್ಟಿಯಲ್ಲಿ ಡೌನ್‌ಲೋಡ್ಸ್ ಕೂಡ ಇರುತ್ತದೆ. ಅದಕ್ಕೆ ಟಿಕ್ ಬಿದ್ದಿಲ್ಲ ಅಂತ ಎರಡು ಸಲ ನೋಡಿಕೊಳ್ಳಿ.

ಸಕಲೇಶಪುರದವರು:
ಅಣ್ಣ, ಭಾನುವಾರ ಹಾಸನಕ್ಕೆ ಬರ್ತೀನಿ, ಅಲ್ಲೇ ಮಾಡಿಸ್ತೀನಿ. ಟ್ಯಾಲಿ ಕಾಪಿ ಆಯಿತು, ಹೋದ ವರ್ಷದ ವೋಚರ್ ತೆರೆದೂ ನೋಡಿದೆ. ನುಡಿ ಫಾಂಟ್ ಈಗ ಹುಡುಕುತ್ತಾ ಇದ್ದೀನಿ.